ನೀರು ಕುಡಿಯದೆ ಆಡಿದ ಸೆಂಟರ್ ಹಾಫ್

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಮಕ್ಕಳ ಮದುವೆ ಮುಗಿಯಲಿ ಅಂದೆ, ಹೆಂಡತಿಯ ಕಾಲುನೋವು ವಾಸಿಯಾಗಲಿ ಅಂದೆ — ಅದಕ್ಕೂ ಇದಕ್ಕೂ ಏನು ಸಂಬಂಧ? ಒಬ್ಬ ಆಟಗಾರನಿಗೆ ಬಂದಿದ್ದ ಅವಕಾಶವನ್ನು ನಾನು ಒಂದೇ ಮಾತಿನಲ್ಲಿ ತಪ್ಪಿಸಿದೆ. ಗೊತ್ತಿದ್ದೇ ತಪ್ಪಿಸಿದೆ.

ಎಪ್ಪತ್ತರ ದಶಕದ ಆರಂಭ. ನಾನು ಕೊಪ್ಪದ ಫುಟ್ಬಾಲ್ ತಂಡದ ಕ್ಯಾಪ್ಟನ್. ಆ ಆಟಗಾರ ನಮ್ಮ ಸೆಂಟರ್ ಹಾಫ್, ಮೈದಾನದ ನಡುವೆ ನಿಂತು ಆಟ ಕಟ್ಟುವವನು; ಸಂತೆಯಲ್ಲಿ ಅಣ್ಣನ ಜೊತೆ ಒಣಮೀನು ಮಾರುತ್ತಿದ್ದವನು, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವನ ಆಟವನ್ನು ಹೇಗೆ ಹೇಳಲಿ... ಚೆಂಡು ಬರುವ ಮೊದಲೇ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕತ್ತು ತಿರುಗಿಸುತ್ತಿದ್ದ. ಆಮೇಲೆ ಚೆಂಡನ್ನು ನೋಡುತ್ತಲೇ ಇರಲಿಲ್ಲ. ನಾನು ಎಲ್ಲಿಗೆ ಓಡಬೇಕೆಂದು ನನಗೇ ಹೊಳೆಯುವ ಮೊದಲು ಚೆಂಡು ಅಲ್ಲಿ ಬಂದಿರುತ್ತಿತ್ತು. ಶೃಂಗೇರಿ ತಂಡದವರು ಅವನೊಬ್ಬನ ಹಿಂದೆ ಇಬ್ಬರನ್ನು ಬಿಡುತ್ತಿದ್ದರು. ಅವರಲ್ಲೊಬ್ಬ ಆಟದ ನಡುವೆಯೇ ಕೇಳಿದ್ದ: "ಎಂತ ಮಾರಾಯ, ನಿಂಗೆ ಬೆನ್ನಲ್ಲೂ ಕಣ್ಣುಂಟಾ?"

"ಉಂಟಲ್ಲ, ಅದ್ಕೇ ಅಂಗಿ ಹಿಂದೆ ಹರ್ದಿಟ್ಟಿದ್ದು!"

ನಮ್ಮ ತಂಡದಲ್ಲಿ ಯಾರೂ ಹೇಳಿಕೊಡದೆ ಬಂದ ಒಂದು ರೂಢಿಯಿತ್ತು. ರಂಜಾನ್ ತಿಂಗಳಲ್ಲಿ ಉಪವಾಸವಿದ್ದವರ ಎದುರು ಉಳಿದವರು ನೀರು ಕುಡಿಯುತ್ತಿರಲಿಲ್ಲ. ಮಧ್ಯಂತರದಲ್ಲಿ ಒಬ್ಬೊಬ್ಬರಾಗಿ ಗೋಡೆಯ ಹಿಂದೆ ಹೋಗಿ, ಕುಡಿದು, ಬಾಯಿ ಒರೆಸಿಕೊಂಡು ಬರುತ್ತಿದ್ದೆವು. ಹೊರಗಿನವರಿಗೆ ಯಾರು ಕುಡಿದರು, ಯಾರು ಇಲ್ಲ ಎಂದು ತಿಳಿಯುವಂತಿರಲಿಲ್ಲ.

ಅಂಥದೇ ಒಂದು ದಿನ ನರಸಿಂಹರಾಜಪುರದಲ್ಲಿ ಪಂದ್ಯ. ದೂರದ ಊರಿನ ಕಾರ್ಖಾನೆ ತಂಡದ ಕೋಚ್ ಬಂದಿದ್ದರು, ಒಬ್ಬನನ್ನು ಆರಿಸಲು. ಆರಿಸಿದವನಿಗೆ ಆಟದ ಜೊತೆ ಕೆಲಸವೂ ಸಿಗುತ್ತಿತ್ತು. ನಮ್ಮಲ್ಲಿ ಆ ದಿನ ಉಪವಾಸವಿದ್ದವನು ಅವನೊಬ್ಬನೇ. ಮೊದಲರ್ಧದಲ್ಲಿ ಅವನು ಆಡಿದ ಆಟ — ಕಣ್ಣು ಮುಚ್ಚಿದರೆ ಇಂದಿಗೂ ಕಾಣುತ್ತದೆ. ಎದುರು ತಂಡದವರೇ ಚಪ್ಪಾಳೆ ತಟ್ಟಿದರು. ಆದರೆ ಕೊನೆಕೊನೆಗೆ ಅವನ ಕಾಲುಗಳು ಸೋತವು. ಮಂಡಿಗಳ ಮೇಲೆ ಕೈಯೂರಿ ನಿಂತುಬಿಟ್ಟ. ತುಟಿ ಬೆಳ್ಳಗಾಗಿತ್ತು.

ಪಂದ್ಯ ಮುಗಿದ ಮೇಲೆ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. "ಆ ಸೆಂಟರ್ ಹಾಫ್ ಅದ್ಭುತ ಕಣಯ್ಯ. ಆದ್ರೆ ಕೊನೇಲಿ ಯಾಕೆ ಹಾಗೆ ಸುಸ್ತಾದ? ಯಾವಾಗ್ಲೂ ಹೀಗೇನಾ?"

"ಯಾವಾಗ್ಲೂ ಹೀಗೇ ಸಾರ್," ಅಂದೆ.

ಉಪವಾಸ ಎಂಬ ಒಂದು ಮಾತು ಸಾಕಿತ್ತು. ಬಾಯಲ್ಲಿತ್ತು, ಆಡಲಿಲ್ಲ. ಅವನ ಮೇಲಿನ ಮರ್ಯಾದೆಗೆಂದು ನಾವು ಮರೆಯಲ್ಲಿ ಕುಡಿದ ನೀರನ್ನೇ ನಾನು ಅವನಿಗೆದುರಾಗಿ ಬಳಸಿಕೊಂಡೆ. ಕೋಚ್ ನನ್ನನ್ನು ಆರಿಸಿದರು.

ಹೊರಡುವ ಮುನ್ನ ಅವರು ಅವನ ಬೆನ್ನು ತಟ್ಟಿ, ದಮ್ಮು ಸಾಲದು, ಇನ್ನೂ ಓಡಬೇಕು ಅಂದರು. ಅವನು ಉಪವಾಸದ ನೆಪ ಹೇಳಲಿಲ್ಲ. "ಆಯ್ತು ಸಾರ್" ಅಂದ, ಅಷ್ಟೇ. ಮರುದಿನ ಸಂಜೆ ಸಂತೆ ಮೈದಾನದ ಹತ್ತಿರ ಹೋದಾಗ ನೋಡಿದೆ — ಒಬ್ಬನೇ ಮೈದಾನ ಸುತ್ತಿ ಓಡುತ್ತಿದ್ದ. ಇನ್ನೂ ಉಪವಾಸ ಬಿಟ್ಟಿರಲಿಲ್ಲ. ಬಾಯಲ್ಲಿ ಉಗುಳೂ ಇಲ್ಲದವನು, ನನ್ನ ಸುಳ್ಳನ್ನು ತನ್ನ ಕೊರತೆಯೆಂದು ನಂಬಿ, ಅದನ್ನು ತುಂಬಿಕೊಳ್ಳಲು ಓಡುತ್ತಿದ್ದ. ನಾನು ಬೇಲಿಯಾಚೆ ನಿಂತು ನೋಡಿದೆ. ಅಂಥವನನ್ನು ನಾನು ಬೇರೆಲ್ಲೂ ಕಂಡಿಲ್ಲ — ಆಮೇಲೆ ದೊಡ್ಡ ಮೈದಾನಗಳಲ್ಲಿ ಆಡಿದೆ, ಅಲ್ಲೂ ಕಾಣಲಿಲ್ಲ. ಕರೆದು ನಿಜ ಹೇಳಬಹುದಿತ್ತು. ಮನೆಗೆ ಹೋಗಿ ಪೆಟ್ಟಿಗೆ ಕಟ್ಟಿದೆ.

ಮತ್ತೆ ಯಾವ ಕೋಚೂ ನಮ್ಮ ಕಡೆ ಬರಲಿಲ್ಲ. ಅವನು ಈಗಲೂ ಕೊಪ್ಪದಲ್ಲೇ ಇದ್ದಾನೆ. ನಾನು ಊರಿಗೆ ಹೋದಾಗ ದಾರಿಯಲ್ಲಿ ಸಿಕ್ಕರೆ "ಏನ್ ಕ್ಯಾಪ್ಟನ್ರೇ" ಎಂದು ಕೈ ಎತ್ತುತ್ತಾನೆ. ನಾನೂ ಎತ್ತುತ್ತೇನೆ... ದಾಟಿ ಹೋಗುತ್ತೇನೆ. ಕ್ಷಮೆ ಕೇಳಿಲ್ಲ. ಇಷ್ಟು ಬರೆದರೂ ಅವನ ಹೆಸರು ಬರೆಯಲು ಕೈ ಬಂದಿರಲಿಲ್ಲ. ಬರೆಯುತ್ತೇನೆ.

ಹಸನಬ್ಬ.