ಸಿಸ್ಟಮ್ ಖಾತೆಯಲ್ಲಿಟ್ಟ ಹಾಡುಗಳು

ಗಾಂಧಿ ಬಜಾರಿನಲ್ಲಿ ಹೂವಿನಂಗಡಿಯ ಮೇಲಿನ ಕೋಣೆಯಲ್ಲಿ ನಾನು ಡೇಟಾಬೇಸ್ ಪಾಠ ಹೇಳುತ್ತೇನೆ. ಹೊಸಬರಿಗೆ ಮೊದಲ ದಿನವೇ ಬಾಯಿ ಬಡಿದುಕೊಳ್ಳುವುದು ಒಂದೇ ವಿಷಯಕ್ಕೆ: ಡೇಟಾಬೇಸ್ ತನ್ನ ಕೆಲಸಕ್ಕೆಂದು ಇಟ್ಟುಕೊಂಡ ಸಿಸ್ಟಮ್ ಖಾತೆಗೆ ಹೋಗಿ ನಿಮ್ಮ ಮಾಹಿತಿಯ ಟೇಬಲ್ ಮಾಡಬೇಡಿ, ನಿಮ್ಮದೇ ಒಂದು ಖಾತೆ ತೆರೆದುಕೊಳ್ಳಿ. ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸುತ್ತಾರೆ. ಮನೆಗೆ ಹೋಗಿ ಅಲ್ಲೇ ಮಾಡುತ್ತಾರೆ. ನನ್ನ ಕರ್ಮ.

ಹಾಗೆ ಮಾಡಿದವರಲ್ಲಿ ಒಬ್ಬಾಕೆಯನ್ನು ಮಾತ್ರ ನನಗೆ ಬೈಯಲಾಗಲಿಲ್ಲ. ಎನ್.ಆರ್. ಕಾಲೋನಿಯ ಗೃಹಿಣಿ, ಮಕ್ಕಳು ಕಾಲೇಜು ಸೇರಿದ ಮೇಲೆ ಕಲಿಯಲು ಬಂದವರು. ಅಭ್ಯಾಸಕ್ಕೆ ಮನೆಯದೇ ಏನಾದರೂ ತಗೊಳ್ಳಿ ಎಂದಿದ್ದೆ. ಆಕೆ ಅತ್ತೆಯ ಹಾಡುಗಳನ್ನು ತಗೊಂಡರು. ಹಸೆ ಹಾಡು, ಆರತಿ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ಎಲ್ಲ ಆ ಮುದುಕಿಯ ಬಾಯಲ್ಲಿ ಮಾತ್ರ ಇದ್ದವು. ಅತ್ತೆಗೆ ಮರೆವು ಶುರುವಾಗಿತ್ತು. ಕಾಫಿ ಕುಡಿದ ಲೋಟ ಕೈಯಲ್ಲಿರುವಾಗಲೇ ಕಾಫಿ ಕೇಳುತ್ತಿದ್ದರು. ಸೊಸೆ ದಿನವೂ ಮಧ್ಯಾಹ್ನ ಕೂತು ಹಾಡಿಸಿಕೊಂಡು ಟೈಪ್ ಮಾಡಿದರು.

ಆಮೇಲೆ ಮನೆಗೆ ಹೊಸ ಲ್ಯಾಪ್‌ಟಾಪ್ ಬಂತು. ಆಕೆ ಇಡೀ ಡೇಟಾಬೇಸಿನ ಬ್ಯಾಕಪ್ ತೆಗೆದುಕೊಂಡರು. ಹಳೆಯದನ್ನು ಪೂರ್ತಿ ಅಳಿಸಿ ಎಕ್ಸ್‌ಚೇಂಜಿಗೆ ಕೊಟ್ಟರು. ಹೊಸದರಲ್ಲಿ ಬ್ಯಾಕಪ್ ಹಾಕಿದರೆ ಪಾಠಕ್ಕೆಂದು ನಾನು ಕೊಟ್ಟಿದ್ದ ಖಾತೆಯ ಟೇಬಲ್‌ಗಳೆಲ್ಲ ಇವೆ, ಹಾಡಿನದು ಇಲ್ಲ.

"ಅದನ್ನ ಎಲ್ಲಿ ಮಾಡಿದ್ರಿ?" ಎಂದು ಕೇಳಿದೆ.

"ಸಿಸ್ಟಮ್ ಖಾತೆಲೇ ಮೇಡಂ. ಎಲ್ಲಕ್ಕಿಂತ ದೊಡ್ಡ ಖಾತೆ ಅಲ್ವಾ, ಅಲ್ಲಿ ಭದ್ರವಾಗಿರತ್ತೆ ಅಂದ್ಕೊಂಡೆ. ನಾವು ಒಡವೆ, ಪತ್ರ ಎಲ್ಲಾ ದೇವರ ಮನೇಲೇ ಇಡ್ತೀವಲ್ಲ, ಹಾಗೆ."

ಬ್ಯಾಕಪ್ ಆ ಖಾತೆಯದನ್ನು ಮುಟ್ಟುವುದೇ ಇಲ್ಲ. ಮನೆ ಬದಲಾಯಿಸುವಾಗ ಪಾತ್ರೆ ಪಡಗ ಹೊರುತ್ತೇವೆ, ಗೋಡೆ ಹೊರುತ್ತೇವೆಯೇ? ಹೊಸ ಮನೆಗೆ ಅದರ ಗೋಡೆ ಇದ್ದೇ ಇರುತ್ತದೆ. ಸಿಸ್ಟಮ್ ಖಾತೆ ಎಂದರೆ ಡೇಟಾಬೇಸಿನ ಗೋಡೆ. ಅದರೊಳಗೆ ನೀವು ಇಟ್ಟದ್ದು ಅಲ್ಲೇ ಉಳಿಯುತ್ತದೆ. ಇಷ್ಟನ್ನು ಹೇಳಿದಾಗ ಆಕೆ ಅಳಲಿಲ್ಲ. "ಈಗ ಅತ್ತೆಗೆ ಅಷ್ಟೂ ಹಾಡು ನೆನಪಿಲ್ಲ ಮೇಡಂ" ಎಂದರು ಅಷ್ಟೇ. ನನಗೇ ಅಳು ಬಂತು.

ಆ ಭಾನುವಾರ ಅವರ ಮನೆಗೆ ಹೋದೆ. ಆಕೆಯ ಹೆಸರಿನಲ್ಲೇ ಖಾತೆ ತೆರೆಸಿ, ಟೇಬಲ್ ಮಾಡಿಸಿ, ಪಕ್ಕದಲ್ಲಿ ಕೂತೆ. ಅತ್ತೆ ಹುರುಪಿನಿಂದಲೇ ಶುರು ಮಾಡಿದರು. ಮೊದಲ ಹಾಡು ಪೂರ್ತಿ ಬಂತು. ಎರಡನೆಯದು, ಹಸೆಗೆ ಕರೆಯುವ ಹಾಡು, ನಡುವೆ ನಿಂತುಬಿಟ್ಟಿತು. ಅವರು ತುಟಿ ಕಚ್ಚಿಕೊಂಡು ಸೀರೆಯ ಸೆರಗನ್ನು ತಿರುಚುತ್ತಾ ಕೂತರು. ನೋಡಲಾಗಲಿಲ್ಲ.

ಸೊಸೆ ಟೈಪ್ ಮಾಡುವುದನ್ನು ನಿಲ್ಲಿಸದೆ, ಮೆಲ್ಲನೆ ಮುಂದಿನ ನುಡಿ ಹಾಡಿದರು. ಅದರ ಮುಂದಿನದನ್ನೂ ಹಾಡಿದರು. ಅಷ್ಟು ಮಧ್ಯಾಹ್ನ ಕೇಳಿ ಕೇಳಿ ಟೈಪ್ ಮಾಡಿದ್ದರಲ್ಲ, ಬಾಯಿಗೆ ಬಂದುಬಿಟ್ಟಿತ್ತು.

ಮುದುಕಿ ಕಣ್ಣರಳಿಸಿ ಕೇಳುತ್ತಾ ಕೂತಿದ್ದರು. ಮುಗಿದ ಮೇಲೆ ಸೊಸೆಯ ಗಲ್ಲ ಸವರಿದರು.

"ಎಷ್ಟ್ ಚೆನ್ನಾಗಿದೆ. ನಿಂಗ್ಯಾರಮ್ಮ ಹೇಳ್ಕೊಟ್ಟಿದ್ದು?"