ಚರ್ಚಿನ ಗೋಡೆಗೆ ಇರುವೆ

ಕಣ್ಣು ಮುಚ್ಚಿ ಪ್ರಾರ್ಥಿಸಬೇಕಾದ ಹೊತ್ತಿನಲ್ಲಿ ಅರೆಗಣ್ಣು ತೆರೆದು ಗೋಡೆಯ ಮೇಲಿನ ಇರುವೆಸಾಲನ್ನು ನೋಡುವುದು ಭಕ್ತನ ಲಕ್ಷಣವಲ್ಲವೆಂದು ನನಗೂ ಗೊತ್ತು. ಆದರೆ ಓದುಗ ಮಿತ್ರರೇ, ಜಮಖಂಡಿಯ ನಮ್ಮ ಓಣಿಯ ಮೆಥೋಡಿಸ್ಟ್ ಚರ್ಚಿನ ಮಟ್ಟಿಗೆ ನನ್ನ ಈ ಚಾಪಲ್ಯಕ್ಕೆ ಕಾರಣವಿದೆ: ಆ ಗೋಡೆಯನ್ನು ಕೊಲ್ಲಹೊರಟ ಮಹಾನುಭಾವ ನಾನೇ.

ಮುತ್ತಜ್ಜಂದಿರ ಕಾಲದ ಕಟ್ಟಡವದು. ಎರಡು ಮೊಳ ದಪ್ಪದ ಕಲ್ಲುಗೋಡೆ, ಚೂಪು ಕಮಾನಿನ ಕಿಟಕಿಗಳು, ಸಾಗವಾನಿ ತೊಲೆಗಳು. ಬಾಗಿಲ ಮೇಲಿನ ಶಿಲುಬೆಯ ಕೆಳಗೊಂದು ಅರಳಿದ ಕಮಲ. ವಿಲಾಯತಿ ನಕಾಶೆಯಲ್ಲಿ ಅದು ಇದ್ದಿರಲಾರದು, ಗುಡಿ ಬಸದಿಗಳಲ್ಲಿ ಪಳಗಿದ ನಮ್ಮ ಸೀಮೆಯ ಉಳಿ ಯಾರನ್ನೂ ಕೇಳದೆ ಅರಳಿಸಿದ್ದು. ಇಂಥ ಕಟ್ಟಡಕ್ಕೆ, ಸಭೆಯ ಕಾರ್ಯದರ್ಶಿಯಾಗಿದ್ದ ಶಾಲಾಮಾಸ್ತರ ನಾನು, ಸೌಂದರ್ಯಪ್ರಜ್ಞೆ ಉಕ್ಕಿ, ಒಳಗಿನ ಹಳೆಯ ಸುಣ್ಣದ ಗಚ್ಚು ಕೀಳಿಸಿ ಸಿಮೆಂಟು ಮೆತ್ತಿಸಿದೆ. ಆ ಬಗ್ಗೆ ಭಾಷಣವನ್ನೂ ಬಿಗಿದೆ. ಮೂರೇ ಮಳೆಗಾಲದಲ್ಲಿ ಗೋಡೆ ಹಸಿ ಹಿಡಿದು ಉಬ್ಬಿತು. ನೋಡಲು ಬಂದ ಇಂಜಿನಿಯರು ಕೆಡವಿಬಿಡಿ ಎಂದರು. ಹೆತ್ತವರ ಮದುವೆ, ನನ್ನ ದೀಕ್ಷಾಸ್ನಾನ ನಡೆದ ಜಾಗ ನನ್ನ ಕೈಯಾರೆ ಹಾಳಾಯಿತಲ್ಲ ಎಂದು ನನಗೆ ಅನ್ನ ಸೇರದಾಯಿತು.

ಆಗ ಹುನ್ನೂರಿನಿಂದ ಬೀರಪ್ಪ ಗೌಂಡಿಯನ್ನು ಕರೆತಂದೆ. ಹಳೆಯ ಗುಡಿಗಳ ಗಚ್ಚಿನ ಕೆಲಸದಲ್ಲೇ ತಲೆ ನರೆತವನು. ಗೋಡೆಯನ್ನು ಬೆರಳಿನಿಂದ ತಟ್ಟಿ ಆಲಿಸಿದ.

“ಕಲ್ಲು ಉಸರಾಡ್ತಾವ್ರೀ ಮಾಸ್ತರ. ನೀವು ಅವುಗಳ ಮೂಗು ಮುಚ್ಚೀರಿ. ಗ್ವಾಡಿ ಗಟ್ಟಿ ಐತ್ರಿ.”

ಸಭೆ ಒಂದು ಮಳೆಗಾಲದ ಗಡುವು ಕೊಟ್ಟಿತು: ಗೋಡೆ ಒಣಗಿದರೆ ಉಳಿವು, ಇಲ್ಲವಾದರೆ ನೆಲಸಮ. ಬೀರಪ್ಪ ಸಿಮೆಂಟು ಕೆತ್ತಿಸಿ, ಸುಣ್ಣ ಉಸುಕು ಅರೆಯಿಸಿ, ಮುಧೋಳದ ಬೆಲ್ಲದ ನೀರಿನಲ್ಲಿ ಕಲಸಿ ಗಚ್ಚು ಬಳಿದ. ಮರುದಿನವೇ ಇರುವೆಗಳು ನಮ್ಮ ಸಭಿಕರಿಗಿಂತ ಶಿಸ್ತಾಗಿ ಸಾಲುಗಟ್ಟಿ ಬಂದವು. ಇದೂ ಕೆಟ್ಟಿತೆಂದು ನಾನು ಪೊರಕೆ ಹಿಡಿದು ಓಡಿದೆ.

“ಇರ್ಲಿ ಬಿಡ್ರಿ,” ಎಂದ ಬೀರಪ್ಪ. “ಬೆಲ್ಲ ಖರೆ ಹಾಕೇನಿ ಅಂತ ಅವೇ ಸಾಕ್ಷಿ ಹೇಳಾಕತ್ತಾವ.”

ಆ ವರ್ಷ ಮಳೆ ಹಗೆ ಸಾಧಿಸಿದಂತೆ ಹೊಯ್ದಿತು. ದಿನಕ್ಕೆರಡು ಸಲ ಹೋಗಿ, ರೋಗಿಯ ಹಣೆ ಮುಟ್ಟುವಂತೆ ಗೋಡೆ ಮುಟ್ಟಿ ಬರುತ್ತಿದ್ದೆ. ಮಳೆಗಾಲ ಮುಗಿದ ರವಿವಾರ ಅದೇ ಇಂಜಿನಿಯರು ಬಂದರು. ಗೋಡೆಯುದ್ದಕ್ಕೂ ಅಂಗೈ ಆಡಿಸಿದರು. ತುಂಬಿದ ಸಭೆ ಕತ್ತು ಉದ್ದಮಾಡಿ ನೋಡುತ್ತಿತ್ತು. ಅವರು ಒಂದಿಷ್ಟೂ ತೇವ ತಾಗದ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ನಕ್ಕುಬಿಟ್ಟರು.

ಗೆದ್ದೆವು! ಗಂಟೆಯ ಹಗ್ಗವನ್ನು ಬೀರಪ್ಪನ ಕೈಗೇ ಕೊಟ್ಟೆವು; ಬೀರೇಶ್ವರನ ಭಂಡಾರದ ಅರಿಶಿನ ಹಚ್ಚಿದ ಹಣೆಯ ಆ ಮುದುಕ ಜಗ್ಗಿದ ರಭಸಕ್ಕೆ ಓಣಿಗೆ ಓಣಿಯೇ ಹೊರಬಂದು ನಿಂತಿತು. ನನ್ನ ತಪ್ಪು ಇಷ್ಟು ಜೋರಾಗಿ ಸಾಬೀತಾದದ್ದಕ್ಕೆ ನಾನು ಅತ್ತೆ, ಸಂತೋಷದಿಂದ.

ಈಗಲೂ ಒಂದೆರಡು ಇರುವೆ ಕಿಟಕಿಯ ಕಮಾನಿನವರೆಗೆ ಹತ್ತಿ ಹೋಗುತ್ತವೆ. ಕಳೆದ ರವಿವಾರ ಅವುಗಳ ದಾರಿಗೆ ಅಡ್ಡವಾಗಿದ್ದ ನನ್ನ ಭುಜವನ್ನು ಕೊಂಚ ಸರಿಸಿಕೊಂಡೆ. ಆಮೇಲೆ, ಎಲ್ಲರಂತೆ, ಎರಡೂ ಕಣ್ಣು ಮುಚ್ಚಿದೆ.