ಹುಳದ ಮನೆಗೆ ಬಂದ ಇಂಗಿನ ಹುಡುಗಿ

ಆಗಿನ್ನೂ ನಮ್ಮ ಸೀಮೆ ಮದ್ರಾಸಿಗೆ ಸೇರಿತ್ತು. ರಾಯದುರ್ಗದಲ್ಲಿ ನಮ್ಮಪ್ಪನದು ಇಂಗಿನ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಹಾಸಿಗೆ, ಬಟ್ಟೆ, ನನ್ನ ಜಡೆ ಎಲ್ಲದರಲ್ಲೂ ಇಂಗು. ಯಾರ ಮನೆಗೆ ಹೋದರೂ ಮುಖ ಕಾಣುವ ಮೊದಲೇ ನಾವು ಬಂದದ್ದು ಗೊತ್ತಾಗುತ್ತಿತ್ತು. ಹಬ್ಬದಡುಗೆಯ ವಾಸನೆ ನನ್ನದು ಎಂದು ನನಗೆ ಜಂಬವೇ ಇತ್ತು.

ಮದುವೆ ಮಾಡಿ ಕೊಟ್ಟದ್ದು ಮಡಕಶಿರಾದ ಆಚೆ, ರೊಳ್ಳದ ಹತ್ತಿರದ ಹಳ್ಳಿಗೆ. ರೇಷ್ಮೆಹುಳ ಸಾಕುವ ಮನೆಗೆ. ಹುಳ ಇದ್ದಷ್ಟು ದಿನ ಅಲ್ಲಿ ಒಗ್ಗರಣೆ ಹಾಕುವಂತಿಲ್ಲ, ಹೂ ಮುಡಿಯುವಂತಿಲ್ಲ, ಬೀಡಿ ಸೇದಿದ ಗಂಡಸು ಒಳಗೆ ಕಾಲಿಡುವಂತಿಲ್ಲ. ವಾಸನೆ ತಾಗಿದರೆ ಹುಳ ಸಾಯುತ್ತವೆ ಎಂಬ ನಂಬಿಕೆ. ನಾನೂ ಬರೀ ನೀರಲ್ಲಿ ಮಿಂದು ಹುಳದ ಬಿದಿರು ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿದೆ. ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಹುಳಗಳೆಲ್ಲ ಮೆತ್ತಗಾಗಿ ಕಪ್ಪಾದವು. ಅತ್ತೆ ಅವನ್ನು ತಿಪ್ಪೆಗೆ ಸುರಿದು ಬಂದು, ಕೂಗಾಡದೆ ಹೇಳಿದರು: “ಸೊಪ್ಪಿಗೇನೂ ಆಗಿಲ್ಲ ಕಣಮ್ಮ. ನಿನ್ ಮೈವಾಸ್ನೆ ನೀರಿಗೆ ಹೋಗಾದಲ್ಲ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈಗ ಹೀಗೆನ್ನುತ್ತೇನೆ, ಆಗ ಅತ್ತೆಯ ಮಾತು ನಂಬಿದೆ. ಸೀಗೆಯೂ ವಾಸನೆಯೇ ಎಂದು ಬೂದಿ ಹಾಕಿ, ತೋಳು ಸುಲಿಯುವವರೆಗೆ ಉಜ್ಜಿದೆ. ಒಬ್ಬಳೇ ಇದ್ದಾಗ ನನ್ನ ಕೈ ನಾನೇ ಮೂಸಿ ನೋಡಿಕೊಳ್ಳುತ್ತಿದ್ದೆ. ಬಾವಿಯ ಹತ್ತಿರ ಹೆಂಗಸರ ಜೊತೆ ಕೂತಾಗ ಗಾಳಿ ನನ್ನ ಕಡೆಯಿಂದ ಬೀಸಿದರೆ, ಎದ್ದು ಆಚೆ ಹೋಗುತ್ತಿದ್ದೆ.

ಹೆರಿಗೆಗೆ ರಾಯದುರ್ಗಕ್ಕೆ ಹೋಗಿದ್ದಾಗ ಆ ಮನೆಯ ಹುಳ ಮತ್ತೆ ಸತ್ತವು. ಪಾಪ ಬಂದರೆ ಬರಲಿ, ಸುದ್ದಿ ಕೇಳಿ ನನಗೆ ಸಂತೋಷವಾಯಿತು. ಕೂಸನ್ನು ಎತ್ತಿಕೊಂಡು ವಾಪಸು ಹೋದ ದಿನ ಹೊಸಿಲಲ್ಲೇ ಹೇಳಿದೆ: “ಹುಳ ಸತ್ತಾಗ ನಾ ಇಲ್ಲಿ ಇದ್ದಿಲ್ರಿ, ಅತ್ತಿ.”

ಅತ್ತೆ ಕೂಸನ್ನು ನನ್ನ ತೋಳಿನಿಂದ ತೆಗೆದುಕೊಂಡರು. “ನೀನ್ ಮುಟ್ಟಿದ್ ತಟ್ಟೆ ಇಲ್ಲೇ ಇದ್ವಲ್ಲ,” ಎಂದರು. ನಮ್ಮ ಯಜಮಾನರು ಕಾಲು ತೊಳೆಯಲು ಹಿತ್ತಲಿಗೆ ಹೋದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ನಾನೂ ಕಟ್ಟಿದೆ. ತಟ್ಟೆಗಟ್ಟಲೆ ಹುಳ ಕೊಂದ ಮೈ ಹಸುಗೂಸನ್ನು ಬಿಟ್ಟೀತೇ ಎಂಬ ಭಯ ಹೊಕ್ಕಿತು. ಕೂಸಿನ ಮೂಗಿಗೆ ನನ್ನ ಮೈ ತಾಗದಂತೆ ನಡುವೆ ಬಟ್ಟೆ ಹಿಡಿದು ಹಾಲೂಡಿಸಿ, ಕೂಡಲೇ ಅತ್ತೆಯ ಮಡಿಲಿಗೆ ಹಾಕುತ್ತಿದ್ದೆ. ಮಗಳು ಮಲಗಿದ್ದು, ಬೆಳೆದದ್ದು ಎಲ್ಲ ಅಲ್ಲೇ. ಹೊಟ್ಟೆ ಉರಿಯುತ್ತಿತ್ತು, ಆದರೂ ಮಗು ಬದುಕಿದೆಯಲ್ಲ ಎಂದುಕೊಳ್ಳುತ್ತಿದ್ದೆ.

ಮಗಳಿಗೆ ಮೂರು ತುಂಬುವ ಹೊತ್ತಿಗೆ ಅತ್ತೆ ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆ, ಅಜ್ಜಿ ಬೇಕೆಂದು ಅಳುತ್ತಿದ್ದ ಮಗುವನ್ನು, ಆ ಭಯ ಹೊಕ್ಕ ಮೇಲೆ ಮೊದಲ ಸಲ, ಎದೆಗೆ ಒತ್ತಿಕೊಂಡೆ. ನನ್ನ ಕತ್ತಿಗೆ ಮೂಗಿಟ್ಟಳು. ಮೈ ಸೆಟೆದುಕೊಂಡು ಕೆಳಗಿಳಿದಳು. ಮೂಲೆಯಲ್ಲಿದ್ದ ಅಜ್ಜಿಯ ಸೀರೆಯನ್ನು ಎಳೆದುಕೊಂಡು, ಅದರಲ್ಲಿ ಮುಖ ಹುದುಗಿಸಿ ನಿದ್ದೆಹೋದಳು.

ಬೆಳಿಗ್ಗೆ ಅಗಸರಿಗೆ ಹಾಕಬೇಕಿದ್ದ ಆ ಸೀರೆಯನ್ನು, ಒಗೆಯದೆ, ನಾನೇ ಉಟ್ಟುಕೊಂಡೆ. ಆಗ ಮಗಳು ನನ್ನ ಮಡಿಲಿಗೆ ಬಂದಳು.